ಕಲ್ಲು ಅಲ್ಲೇ ಇದೆಯಾ, ನೋಡಿ ಬನ್ನಿ

ಮೇ 18ರ ಮ್ಯೂಸಿಯಂ ದಿನದ ನೆಪದಲ್ಲಿ, ಮ್ಯೂಸಿಯಮ್ಮಿನಲ್ಲಿ ಸಂಬಳಕ್ಕೆ ದುಡಿಯುವವರ ಬಗ್ಗೆ, ಸಂಬಳವಿಲ್ಲದೆ ದುಡಿಯುವವರ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಗುರುವಾರ ಸಂಜೆಯೊಳಗೆ ಬರಹ ಕೈಸೇರಬೇಕೆಂಬುದು ಪತ್ರಿಕೆಯ ಕಟ್ಟಳೆ. ಈಗ ಗುರುವಾರ ಮಧ್ಯಾಹ್ನ.

ಬೆಂಗಳೂರಿನ ಕಸ್ತೂರಬಾ ರಸ್ತೆಯಿಂದಲೇ ಹೊರಡೋಣ. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಿಗೆ ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ‘ಮ್ಯಾಪ್’, ಎಲ್ಲವೂ ಆ ಒಂದೇ ರಸ್ತೆಯಲ್ಲಿ. ಇಂಥ ಕಡೆ ಸ್ವಯಂಸೇವೆಗೆ ಬರುವ ಹುಡುಗ ಹುಡುಗಿಯರಿಗೆ ಮೊದಲು ಕಲಿಸುವುದು ಮಾತು. ಬಂದವರನ್ನು ಕರೆದುಕೊಂಡು ಹೋಗಬೇಕು, ಪ್ರತಿ ವಸ್ತುವಿನ ಮುಂದೆ ಎರಡು ನಿಮಿಷ ನಿಂತು ಪಾಠ ಒಪ್ಪಿಸಬೇಕು. ಒಪ್ಪಿಸುತ್ತಾರೆ, ಪಾಪ, ಚೆನ್ನಾಗಿಯೇ ಒಪ್ಪಿಸುತ್ತಾರೆ. ಆದರೆ ಮ್ಯೂಸಿಯಮ್ಮಿನ ಅಸಲು ಕೆಲಸ ಇರುವುದು ಹಿಂದಿನ ಕೋಣೆಯಲ್ಲಿ. ವಸ್ತುವಿಗೆ ನಂಬರು ಹಾಕುವುದನ್ನೇ ನೋಡಿ. ಎದುರಿನಿಂದ ನೋಡಿದವರಿಗೆ ಕಾಣದ ಜಾಗ ಹುಡುಕಬೇಕು. ಅಲ್ಲಿ ಪಾರದರ್ಶಕ ವಾರ್ನಿಷಿನ ಒಂದು ತೆಳು ಪಟ್ಟಿ ಬಳಿದು, ಆರಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ಬರೆದು, ಮತ್ತೊಂದು ಪಟ್ಟಿ ಬಳಿಯಬೇಕು. ಶಾಯಿ ಕಲ್ಲಿಗೆ ತಾಕಬಾರದು, ನಾಳೆ ಬೇಕೆಂದರೆ ಅಳಿಸಲೂ ಬರಬೇಕು. ಆ ನಂಬರಿನ ಎದುರಿಗೆ ದಾಖಲೆ ಪುಸ್ತಕದಲ್ಲಿ ಎಲ್ಲಿಂದ ಬಂತು, ಯಾವಾಗ ಬಂತು, ಬಂದಾಗ ಎಲ್ಲೆಲ್ಲಿ ಮುಕ್ಕಾಗಿತ್ತು ಎಂಬ ವಿವರ. ಈ ಪುಸ್ತಕ ಕಳೆದರೆ ಕಲ್ಲಿದ್ದೂ ಊರಿಲ್ಲ.

ಸರ್ಕಾರಿ ಸಂಗ್ರಹಾಲಯದ ಬೇಗೂರು ವೀರಗಲ್ಲನ್ನು ತೆಗೆದುಕೊಳ್ಳಿ. ಬೆಂಗಳೂರಿನ ಹೆಸರಿರುವ ಶಾಸನ ಇದಲ್ಲ, ಅದು ಬೇಗೂರಿನಲ್ಲೇ ಇದೆ. ಈ ಗೊಂದಲವನ್ನು ನಮ್ಮ ಓದುಗರೂ ಬಿಟ್ಟಿಲ್ಲ. ಇದು ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು. ಗಂಗರ ಎರೆಯಪ್ಪ ಕಳಿಸಿದನೆಂದು ಬೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ಕಲ್ಲು. ಈ ಬೀರಮಹೇಂದ್ರ ನೊಳಂಬ ಅರಸುಮನೆತನದ ಮಹೇಂದ್ರನೇ ಎಂದು ಹಲವು ವಿದ್ವಾಂಸರ ಮತ. ನಾನೂ ಆ ಪಕ್ಷ. ನೊಳಂಬರ ಹೆಸರು ಬಂತಲ್ಲ, ಇನ್ನು ನನ್ನನ್ನು ಹಿಡಿಯುವವರಿಲ್ಲವೆಂದು ಅಂಕಣದ ಖಾಯಂ ಓದುಗರಿಗೆ ಗೊತ್ತು.

ನೊಳಂಬರ ಹೆಂಜೇರು ಎಂದರೆ ಇವತ್ತಿನ ಹೇಮಾವತಿ. ಮಡಕಶಿರಾ ಸೀಮೆಯ ಅಮರಾಪುರಂ ಮಂಡಲ, ನಮ್ಮ ಶಿರಾದ ಗಡಿಗೆ ಅಂಟಿಕೊಂಡ ಊರು. ಮಡಕಶಿರಾ 2022ರಿಂದ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಆದರೂ ಜನರ ಬಾಯಲ್ಲಿ ಇನ್ನೂ ಅನಂತಪುರವೇ. ದೊಡ್ಡೇಶ್ವರನ ಗುಡಿ, ಲಿಂಗದ ಬದಲು ಮನುಷ್ಯರೂಪದಲ್ಲೇ ಕೂತು ಪೂಜೆಗೊಳ್ಳುವ ಸಿದ್ಧೇಶ್ವರ, ಆವರಣದಲ್ಲಿ ಕೂಡಿಟ್ಟ ಶಿಲ್ಪಗಳು. ದೊಡ್ಡೇಶ್ವರನ ಗೋಡೆಯ ಜಾಲಂಧ್ರದ ಎದುರು ನಿಂತರೆ ಬಳ್ಳಿ ಸುರುಳಿ ಸುತ್ತಿಕೊಂಡು ಹೋಗಿ ನಡುವೆ ದೇವತೆಗೆ ಜಾಗ ಬಿಟ್ಟಿರುತ್ತದೆ. ಮೈಮೇಲೆ ಒಡವೆ ಬೇಕಾದಷ್ಟೇ. ಹೊಟ್ಟೆಯ, ತೋಳಿನ ನುಣುಪು ನುಣುಪಾಗಿಯೇ ಉಳಿದಿದೆ.

ಇಲ್ಲೇ ಹೊಯ್ಸಳ ಪಕ್ಷದವರೊಂದಿಗೆ ನನ್ನ ಹಳೇ ಜಗಳ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಬಳೆಯೊಳಗೆ ಬಳೆ ಕೆತ್ತಬಹುದು, ಕೆತ್ತಿದರು, ಸರಿ. ಬೇಲೂರಿನಲ್ಲಿ ನಿಂತವರೆಲ್ಲ ಬಾಯಿ ಬಿಟ್ಟು ಲೆಕ್ಕ ಹಾಕುವುದು ಎಷ್ಟು ಮಣಿ, ಎಷ್ಟು ಎಳೆ ಎಂದು. ಶಿಲ್ಪ ನೋಡುವುದೆಂದರೆ ಚಿನ್ನದಂಗಡಿಗೆ ಹೋದಂತಾಗಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಲ್ಲೇಶ್ವರನ ಗುಡಿಯಲ್ಲಿ ನೊಳಂಬ ಶೈಲಿಯ ಮಾಡು ನೋಡಲಿ: ನಡುವೆ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಕುಣಿತ ಕಾಣುತ್ತದೆ, ಒಡವೆ ಆಮೇಲೆ. ಅದನ್ನು ಕಂಡ ಮೇಲೂ ಹೊಯ್ಸಳರೇ ಶಿಖರವೆನ್ನುವವರ ಜತೆ ನನಗೆ ಮಾತಿಲ್ಲ.

ಹೇಮಾವತಿಯ ಗತಿ ಏನಾಯಿತೆಂದರೆ, ಇದ್ದದ್ದು ಹಂಚಿಹೋಯಿತು. ಕಂಬಗಳನ್ನು ಚೋಳರು ಹೊತ್ತೊಯ್ದರು; ತಿರುವೈಯಾರಿನ ಪಂಚನದೀಶ್ವರನ ಆವರಣದಲ್ಲಿ ಅವನ್ನು ಇವತ್ತಿಗೂ ನೋಡಬಹುದು. ತ್ಯಾಗರಾಜರ ಆರಾಧನೆಗೆ ವರ್ಷವರ್ಷವೂ ಹೋಗುವ ಸಂಗೀತದವರು ಪಕ್ಕದಲ್ಲೇ ಇರುವ ನಮ್ಮ ಕಂಬಗಳತ್ತ ಒಮ್ಮೆ ತಲೆ ಹಾಕಬಾರದೆ? ಇನ್ನಷ್ಟು ಶಿಲ್ಪಗಳು ಮದ್ರಾಸ್ ಮ್ಯೂಸಿಯಮ್ಮಿಗೆ ಹೋದವು. ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ 1958ರಲ್ಲಿ ‘ಹೇಮಾವತಿ’ ಎಂದೇ ಪುಸ್ತಕ ಬರೆದರು, ಸಿ. ಶಿವರಾಮಮೂರ್ತಿ 1964ರಲ್ಲಿ ಮದ್ರಾಸಿನ ನೊಳಂಬ ಶಿಲ್ಪಗಳ ಬಗ್ಗೆ ಬರೆದರು. ಎರಡೂ ಇಂಗ್ಲಿಷಿನಲ್ಲಿ.

ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ಪುಸ್ತಕ ಮಾತ್ರ ಬೇರೆ: ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೇ ಸಂಪುಟ, ಮೊದಲ ಭಾಗ, 1939. ಮದ್ರಾಸು ಪ್ರಾಂತ್ಯದ ಕನ್ನಡ ಶಾಸನಗಳು. ಸಂಪಾದಕರು ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ನನಗೆ ಶಾಸನದ ಪಾಠಕ್ಕಿಂತ ಅದರ ತಲೆಯ ಮೇಲಿನ ಒಂದು ಸಾಲು ರುಚಿ: ಯಾವ ಊರು, ಯಾವ ತಾಲ್ಲೂಕು, ಕಲ್ಲು ಎಲ್ಲಿದೆ. ಗುಡಿಯ ಕಂಬದ ಮೇಲೋ, ಊರ ಹೊರಗೆ ಹೊಲದಲ್ಲಿ ಬಿದ್ದಿದೆಯೋ, ಬಾವಿಯ ಬಳಿ ನೆಟ್ಟಿದೆಯೋ. ಗೋಡೆಗಳಿಲ್ಲದ ಮ್ಯೂಸಿಯಮ್ಮಿನ ದಾಖಲೆ ಪುಸ್ತಕ ಎಂದರೆ ಇದೇ. ಮಡಕಶಿರಾ, ರಾಯದುರ್ಗ ಎರಡೂ ಇದರಲ್ಲಿವೆ. ರಾಯದುರ್ಗವನ್ನು ಹುಡುಕುವವರು ಬಳ್ಳಾರಿ ಜಿಲ್ಲೆಯೆಂದು ಹುಡುಕಬೇಕು, ಏಕೆಂದರೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗುವವರೆಗೆ ಅದು ಬಳ್ಳಾರಿಯ ತಾಲ್ಲೂಕು. ಬಳ್ಳಾರಿ ಈ ಕಡೆ ಬಂತು; ಆದವಾನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು.

ಆ ಕಲ್ಲುಗಳು ಪುಸ್ತಕ ಹೇಳಿದ ಜಾಗದಲ್ಲೇ ಈಗಲೂ ಇವೆಯೇ? ರಜೆಯಲ್ಲಿ ಸ್ವಯಂಸೇವೆ ಮಾಡುವ ಹುಮ್ಮಸ್ಸಿರುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಹೊಳೆಯದು. ಬೆಂಗಳೂರಿನಲ್ಲಿ ಇದು ಆಗಿದೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ಅದಕ್ಕೆ ಮಂಟಪ ಕಟ್ಟಲು ಮುಂದಾದವರು ನಾಗರಿಕರೇ. ಶಾಸನಗಳ ಬೆನ್ನುಹತ್ತಿ ಊರೆಲ್ಲ ಅಲೆದ ಪಿ.ಎಲ್. ಉದಯಕುಮಾರ್ ಅವರ ಮುಂದಾಳತನದಲ್ಲಿ ಮಿಥಿಕ್ ಸೊಸೈಟಿ ಕಲ್ಲುಗಳ ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ಗಡಿಯ ಆಚೆಗೂ ಅದೇ ಲಿಪಿ, ಅದೇ ಭಾಷೆ.

ಹೋಗುವವರಿಗೆ ನಾಲ್ಕು ಮಾತು. ಸಂಪುಟ ಅರಸುಮನೆತನಗಳ ಪ್ರಕಾರ ಜೋಡಿಸಿದ್ದು, ಹಾಗಾಗಿ ಒಂದೇ ಊರಿನ ಕಲ್ಲುಗಳು ಹತ್ತು ಕಡೆ ಚದುರಿರುತ್ತವೆ. ಮೊದಲು ಮನೆಯಲ್ಲಿ ಕೂತು ಊರುವಾರು ಪಟ್ಟಿ ಮಾಡಿಕೊಳ್ಳಿ. ಕೈಯಲ್ಲಿ ಮೆತ್ತನೆಯ ಒಣ ಬ್ರಷ್ಷು, ಒಂದು ಟಾರ್ಚು. ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಚಪ್ಪಟೆಯಾಗುತ್ತದೆ. ಪಕ್ಕಕ್ಕೆ ಹೋಗಿ ಕಲ್ಲಿನ ಮೈಗೆ ಬೆಳಕು ಸವರಿಕೊಂಡು ಹೋಗುವಂತೆ ಹಿಡಿಯಿರಿ, ಸವೆದುಹೋಯಿತೆಂದುಕೊಂಡ ಅಕ್ಷರದ ಅಂಚಿಗೆ ನೆರಳು ಬಿದ್ದು ಸಾಲು ಎದ್ದು ಬರುತ್ತದೆ. ಮಬ್ಬುಗತ್ತಲಲ್ಲಿ ಇನ್ನೂ ಸಲೀಸು. ಫೋಟೋಕ್ಕಾಗಿ ಚಾಕ್‌ಪೀಸು, ಸುಣ್ಣ ಉಜ್ಜುವ ಚಾಳಿಯವರನ್ನು ಜತೆಗೆ ಕರೆದೊಯ್ಯಬೇಡಿ. ಎಣ್ಣೆ, ಅರಿಶಿನ ಹತ್ತಿದ ಕಲ್ಲು ಊರವರಿಗೆ ದೇವರು. ತೊಳೆಯಲು ಹೋಗಬೇಡಿ, ಅದು ರಾಸಾಯನಿಕ ಬಲ್ಲವರ ಕೆಲಸ. ಎತ್ತಿ ತರುವ ಯೋಚನೆ ಬೇಡವೇ ಬೇಡ.

ಕಲ್ಲು ಸಿಕ್ಕರೆ ಜಾಗ, ಅಳತೆ, ಹೊಸದಾಗಿ ಆದ ಮುಕ್ಕು ಬರೆದುಕೊಳ್ಳಿ. ಸಿಗದಿದ್ದರೆ ಯಾರನ್ನು ಕೇಳಿದಿರಿ, ಏನಂದರು ಎಂಬುದನ್ನು ತೆಲುಗಿನಲ್ಲಿ ಅಂದಿದ್ದರೆ ತೆಲುಗಿನಲ್ಲೇ ಬರೆದುಕೊಳ್ಳಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಆ ಊರಿನ ಶಾಲೆಗೆ. ಹೋಗುವುದಾದರೆ ಈಗಲೇ ಹೋಗಿ. ಮುಂಗಾರು ಬಿದ್ದು ಕಡಲೆಕಾಯಿ ಬಿತ್ತಿದ ಮೇಲೆ ಹೊಲದೊಳಗೆ ಕಾಲಿಡಲು ರೈತರು ಬಿಡುವುದಿಲ್ಲ, ಬಿಡಲೂಬಾರದು.