ಕ್ಷಮಾದಾನ ಮತ್ತು ಕ್ಷಮಾಯಾಚನೆ: ಆಸ್ಕರ್ ವೈಲ್ಡ್‌ನ ಸೆರೆಮನೆಯ ಬರಹಗಳು

ಕನ್ನಡದ ‘ಕ್ಷಮೆ’ ಎಂಬ ಪದಕ್ಕೆ ಎರಡು ದಿಕ್ಕುಗಳಿವೆ. ಕ್ಷಮೆಯನ್ನು ಕೊಡಬಹುದು, ಕೇಳಲೂಬಹುದು. ಕೊಡುವವನು ತಪ್ಪಿನಿಂದ ಹೊರಗೆ ನಿಂತವನು. ಕೇಳುವವನು ತಪ್ಪನ್ನು ತನ್ನದೆಂದು ಒಪ್ಪಿಕೊಂಡವನು. ಪಕ್ಷಪಾತದ ಕಾನೂನಿನಿಂದ ಶಿಕ್ಷೆಗೊಳಗಾಗಿ ತೀರಿಹೋದವರ ವಿಷಯದಲ್ಲಿ ಪ್ರಭುತ್ವವು ಯಾವ ದಿಕ್ಕನ್ನು ಹಿಡಿಯಬೇಕು? ಇಂಗ್ಲೆಂಡಿನಲ್ಲಿ 2017ರಲ್ಲಿ ಜಾರಿಗೆ ಬಂದ ಶಾಸನವೊಂದು ಈ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ಆ ಶಾಸನದ ಸಂದರ್ಭದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರುಗಳಲ್ಲಿ ಆಸ್ಕರ್ ವೈಲ್ಡ್‌ನದೂ ಒಂದು. ಆದರೆ ವೈಲ್ಡ್ ತನ್ನ ಸೆರೆಮನೆಯ ಬರಹಗಳಲ್ಲಿ ಇದೇ ಪ್ರಶ್ನೆಯನ್ನು ಒಂದು ಶತಮಾನಕ್ಕೂ ಹಿಂದೆ ಎತ್ತಿದ್ದನು ಎಂಬ ಅಂಶವು ಸಾಕಷ್ಟು ಗಮನ ಪಡೆದಿಲ್ಲ.

ವೈಲ್ಡ್‌ನಿಗೆ 1895ರ ಮೇ 25ರಂದು ಎರಡು ವರ್ಷಗಳ ಕಠಿಣ ಸಜೆಯಾಯಿತು. ಅದಕ್ಕೆ ಆಧಾರವಾದದ್ದು 1885ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯ 11ನೆಯ ಕಲಮು. ಗಂಡಸರ ನಡುವಿನ ‘ಘೋರ ಅಸಭ್ಯ ವರ್ತನೆ’ಯನ್ನು ಅಪರಾಧವೆಂದು ಸಾರಿದ ಈ ಕಲಮು, ಆ ವರ್ತನೆ ಯಾವುದೆಂದು ಎಲ್ಲಿಯೂ ವಿವರಿಸಲಿಲ್ಲ. ಗಣಿತಜ್ಞ ಆಲನ್ ಟ್ಯೂರಿಂಗ್‌ನಿಗೆ 1952ರಲ್ಲಿ ಶಿಕ್ಷೆಯಾದದ್ದೂ ಇದರ ಅಡಿಯಲ್ಲಿಯೇ. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಟ್ಯೂರಿಂಗ್‌ನ ವಿಷಯದಲ್ಲಿ ಸರಕಾರದ ಪರವಾಗಿ ಕ್ಷಮೆ ಕೇಳಿದರು. 2013ರ ಡಿಸೆಂಬರ್ 24ರಂದು ರಾಣಿ ಅವನಿಗೆ ಕ್ಷಮೆ ನೀಡಿದರು. ನಾಲ್ಕು ವರ್ಷಗಳ ಅಂತರದಲ್ಲಿ ಯಾಚನೆಯು ದಾನವಾಯಿತು, ದಿಕ್ಕು ತಿರುಗಿತು. ದಾನವೇ ದೊಡ್ಡದೆಂದು ಲೋಕ ಭಾವಿಸಿತು.

2017ರ ಪೊಲೀಸ್ ಮತ್ತು ಅಪರಾಧ ಕಾಯಿದೆಯು ಈ ದಾನವನ್ನು ಮೃತರಾದ ಸಹಸ್ರಾರು ಮಂದಿಗೆ ವಿಸ್ತರಿಸಿತು. ಸಮ್ಮತಿಯಿದ್ದು, ಇನ್ನೊಬ್ಬ ವ್ಯಕ್ತಿಗೆ 16 ವರ್ಷ ತುಂಬಿದ್ದು, ಆ ಕೃತ್ಯ ಇಂದು ಅಪರಾಧವಲ್ಲದಿದ್ದರೆ ಮೃತರಿಗೆ ತಾನಾಗಿಯೇ ಕ್ಷಮೆ ದೊರೆಯುತ್ತದೆ. ಕಾಯಿದೆಯು ಯಾರ ಹೆಸರನ್ನೂ ಹೇಳುವುದಿಲ್ಲ. ಮುಖ್ಯವಾದ ಸಂಗತಿಯೆಂದರೆ, ಈ ಕ್ಷಮೆಯಿಂದ ಹಿಂದಿನ ತೀರ್ಪಿಗಾಗಲಿ ಶಿಕ್ಷೆಗಾಗಲಿ ಯಾವ ಬಾಧೆಯೂ ಇಲ್ಲವೆಂದು ಅದು ಸ್ಪಷ್ಟವಾಗಿ ನುಡಿಯುತ್ತದೆ. ಎಂದರೆ ಅಪರಾಧಿ ಅಪರಾಧಿಯಾಗಿಯೇ ಉಳಿದು ಕ್ಷಮೆಗೆ ಪಾತ್ರನಾಗುತ್ತಾನೆ.

ವೈಲ್ಡ್‌ನ ‘ಡಿ ಪ್ರೊಫಂಡಿಸ್’ ಅನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1897ರ ಮೊದಲ ತಿಂಗಳುಗಳಲ್ಲಿ ರೆಡಿಂಗ್ ಸೆರೆಮನೆಯಲ್ಲಿ ಲಾರ್ಡ್ ಆಲ್ಫ್ರೆಡ್ ಡಗ್ಲಾಸ್‌ನಿಗೆ ಬರೆದ ಈ ದೀರ್ಘ ಪತ್ರ, 1905ರಲ್ಲಿ ರಾಬರ್ಟ್ ರಾಸ್‌ನ ಕೈಯಲ್ಲಿ ಮೊಟಕುಗೊಂಡು ಪ್ರಕಟವಾಯಿತು. ಮೂಲಕ್ಕೆ ನಿಷ್ಠವಾದ ಪೂರ್ಣ ಪಾಠ ದೊರೆತದ್ದು 1962ರಲ್ಲಿ. ಇದನ್ನು ಪಶ್ಚಾತ್ತಾಪದ ಗ್ರಂಥವೆಂದು ಓದುವ ವಾಡಿಕೆಯಿದೆ. ಆ ಓದು ಅರ್ಧಸತ್ಯ. ತನ್ನನ್ನು ಶಿಕ್ಷಿಸಿದ ಕಾನೂನೂ ವ್ಯವಸ್ಥೆಯೂ ಅನ್ಯಾಯದವು ಎಂದು ವೈಲ್ಡ್ ನೇರವಾಗಿ ಹೇಳುತ್ತಾನೆ. ತಾನು ಧಿಕ್ಕರಿಸಿ ಬಾಳಿದ ಸಮಾಜದ ಕಾನೂನಿನ ರಕ್ಷಣೆಯನ್ನೇ, ಕ್ವೀನ್ಸ್‌ಬರಿಯ ವಿರುದ್ಧದ ಮಾನಹಾನಿ ಮೊಕದ್ದಮೆಯಲ್ಲಿ, ಕೋರಿಹೋದದ್ದು ಅವನನ್ನು ಬಹುವಾಗಿ ನಾಚಿಸುತ್ತದೆ. ಇನ್ನೂ ಮಹತ್ವದ ಮಾತೆಂದರೆ, ತಾನು ಅನುಭವಿಸಿದ್ದನ್ನು ತಾನು ಅರಿಯುವಂತೆ, ತಾನು ವಿಧಿಸಿದ್ದನ್ನು ಸಮಾಜವೂ ಅರಿಯಬೇಕು, ಆಗ ಎರಡೂ ಕಡೆ ದ್ವೇಷ ಉಳಿಯಬಾರದು ಎಂಬ ಅವನ ಬೇಡಿಕೆ. ಇದು ಕ್ಷಮೆಯ ಕೋರಿಕೆಯಲ್ಲ. ಪರಸ್ಪರ ಅರಿವಿನ ಕೋರಿಕೆ. 2017ರ ಕಾಯಿದೆಯಲ್ಲಿ ಇಲ್ಲದಿರುವುದು ಈ ಎರಡನೆಯ ಅರಿವು.

1898ರ ‘ದಿ ಬ್ಯಾಲಡ್ ಆಫ್ ರೆಡಿಂಗ್ ಜೇಲ್’ ಹೆಸರಿನ ಪ್ರಶ್ನೆಯನ್ನು ಎತ್ತುತ್ತದೆ. ಕವಿಯ ಹೆಸರಿನ ಜಾಗದಲ್ಲಿ ಮೊದಲು ಇದ್ದದ್ದು ‘ಸಿ.3.3.’ ಎಂಬ ಕೋಣೆಯ ಸಂಖ್ಯೆ. ಕಾವ್ಯದ ಕೇಂದ್ರದಲ್ಲಿರುವವನು ಹೆಂಡತಿಯನ್ನು ಕೊಂದು 1896ರಲ್ಲಿ ಗಲ್ಲಿಗೇರಿದ ಸೈನಿಕ ವೂಲ್ಡ್ರಿಜ್. ನಿರಪರಾಧಿಯ ಬದಲು ನಿಜವಾದ ಕೊಲೆಗಾರನನ್ನೇ ವೈಲ್ಡ್ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಒಬ್ಬನ ತಪ್ಪನ್ನು ಅಳೆಯುವ ಕೈಗಳು ಎಷ್ಟು ಶುದ್ಧ ಎಂಬುದೇ ಆ ಕಾವ್ಯದ ಪ್ರಶ್ನೆ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವನು ‘ಡೈಲಿ ಕ್ರಾನಿಕಲ್’ ಪತ್ರಿಕೆಗೆ ಬರೆದ ಪತ್ರವೂ ತನ್ನ ಸಲುವಾಗಿ ಅಲ್ಲ. ಹಸಿದ ಬಾಲಕೈದಿಗೆ ಬಿಸ್ಕತ್ತು ಕೊಟ್ಟು ಕೆಲಸ ಕಳೆದುಕೊಂಡ ಕಾವಲುಗಾರನ ಪರವಾಗಿ, ಸೆರೆಯಲ್ಲಿರುವ ಮಕ್ಕಳ ಪರವಾಗಿ.

ಈ ದೃಷ್ಟಿಯಿಂದ ಮರಣೋತ್ತರ ಕ್ಷಮೆಯ ಇನ್ನೊಂದು ದೋಷ ಗೋಚರಿಸುತ್ತದೆ. ಟ್ಯೂರಿಂಗ್‌ನ ಕ್ಷಮೆಯ ಹಿಂದೆ ಅವನ ಪ್ರತಿಭೆಯೂ ಯುದ್ಧಕಾಲದ ಸೇವೆಯೂ ಇದ್ದವು. ಪ್ರತಿಭೆಯಿಲ್ಲದವನಿಗೆ ಆದ ಅನ್ಯಾಯ ಅನ್ಯಾಯವಲ್ಲವೇ? ವೈಲ್ಡ್‌ನೊಂದಿಗೆ ಅದೇ ದಿನ, ಅಷ್ಟೇ ಶಿಕ್ಷೆಗೆ ಗುರಿಯಾದ ಆಲ್ಫ್ರೆಡ್ ಟೇಲರ್ ಎಂಬವನಿದ್ದನು. ವೈಲ್ಡ್‌ನ ವಿರುದ್ಧ ಸಾಕ್ಷಿ ನುಡಿದು ಪಾರಾಗುವ ಅವಕಾಶವನ್ನು ಅವನು ನಿರಾಕರಿಸಿದನು. ಅವನು ಯಾವ ನಾಟಕವನ್ನೂ ಬರೆಯಲಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಅವನ ಹೆಸರೂ ಇರಲಿಲ್ಲ. ಸಾರ್ವತ್ರಿಕ ಕಾಯಿದೆಯು ಪ್ರತಿಭೆಯನ್ನು ಕೇಳದೆ ಎಲ್ಲರನ್ನೂ ಒಳಗೊಂಡಿತು ಎಂಬುದು ಅದರ ನಿಜವಾದ ಗುಣ. ಅದನ್ನು ಅಲ್ಲಗಳೆಯಲಾಗದು.

ಆದರೆ ಬೇರೆ ದಾರಿ ಇರಲಿಲ್ಲವೆನ್ನುವಂತಿಲ್ಲ. ಅದೇ 2017ರಲ್ಲಿ ಜರ್ಮನಿಯು ತನ್ನ ದಂಡಸಂಹಿತೆಯ 175ನೆಯ ಕಲಮಿನ ಅಡಿಯಲ್ಲಿ 1945ರ ನಂತರ ನೀಡಲಾದ ಇಂತಹ ತೀರ್ಪುಗಳನ್ನೇ ರದ್ದುಪಡಿಸಿ, ಬದುಕಿರುವವರಿಗೆ ಪರಿಹಾರವನ್ನೂ ಗೊತ್ತುಮಾಡಿತು. ತೀರ್ಪನ್ನು ಉಳಿಸಿಕೊಂಡು ಮನ್ನಿಸುವುದಕ್ಕೂ ತೀರ್ಪೇ ತಪ್ಪೆಂದು ಅಳಿಸುವುದಕ್ಕೂ ಅಂತರ ದೊಡ್ಡದು. ಬ್ರಿಟಿಷರು 1860ರಲ್ಲಿ ಭಾರತಕ್ಕೆ ಕೊಟ್ಟ ದಂಡಸಂಹಿತೆಯ 377ನೆಯ ಕಲಮಿನಿಂದ ಸಮ್ಮತಿಯುಳ್ಳ ವಯಸ್ಕರನ್ನು 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಹೊರತಂದಾಗ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೇಳಬೇಕಾಗಿದೆ ಎಂಬ ಅಭಿಪ್ರಾಯವನ್ನು ದಾಖಲಿಸಿದರು. ಇಲ್ಲಿ ಕ್ಷಮೆಯ ದಿಕ್ಕು ಸರಿಯಾಗಿದೆ. ಕೇಳಬೇಕಾದವರು ಯಾರೆಂಬುದು ಸ್ಪಷ್ಟವಾಗಿದೆ. ಆದರೆ ಇತಿಹಾಸಕ್ಕೆ ಬಾಯಿಲ್ಲ. ಅದರ ಪರವಾಗಿ ಕೇಳಬೇಕಾದದ್ದು ಪ್ರಭುತ್ವ.

ಮೃತರಿಗೆ ಕ್ಷಮೆಯ ಅಗತ್ಯವಿಲ್ಲ, ಅದನ್ನು ಸ್ವೀಕರಿಸುವ ಇಲ್ಲವೆ ತಿರಸ್ಕರಿಸುವ ಅವಕಾಶವೂ ಅವರಿಗಿಲ್ಲ. 1900ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ ವೈಲ್ಡ್ ತನ್ನ ಉತ್ತರವನ್ನು ಮೊದಲೇ ಬರೆದಿಟ್ಟಿದ್ದನು. ಅವನ ಸೆರೆಮನೆಯ ಬರಹಗಳನ್ನು ‘ಕ್ಷಮಿಸಲ್ಪಟ್ಟವನ’ ಬರಹಗಳೆಂದು ಓದತೊಡಗಿದರೆ, ಅವು ಸಮಾಜಕ್ಕೆ ಹಾಕಿದ ಪ್ರಶ್ನೆಯನ್ನೇ ಕೈಬಿಟ್ಟಂತಾಗುತ್ತದೆ. ಆ ಪ್ರಶ್ನೆಯನ್ನು ಉಳಿಸಿಕೊಳ್ಳುವುದು ವಿಮರ್ಶೆಯ ಹೊಣೆ.