ಗುರುವಿಲ್ಲದವನ ಗ್ರಂಥಗಳು

ನಮ್ಮ ಗರುಡಾಚಾರ್‌ಪಾಳ್ಯದಲ್ಲಿ ಹಗಲೆಲ್ಲ ಗಣಕಯಂತ್ರದ ಮುಂದೆ ದುಡಿದು, ರಾತ್ರಿ ಭೌತವಿಜ್ಞಾನವನ್ನು ಓದಬೇಕೆಂದು ಹಂಬಲಿಸುವ ತರುಣರಿದ್ದಾರೆ. ಕಾಲೇಜಿಗೆ ಮರಳುವ ಅನುಕೂಲ ಅವರಿಗಿಲ್ಲ. ಸಂದೇಹ ಬಂದರೆ ಕೇಳಲು ಗುರುವಿಲ್ಲ. ಪುಸ್ತಕಕ್ಕೇನೂ ಬರವಿಲ್ಲ. 2023ರಿಂದ ಈಚೆಗೆ ಮೆಟ್ರೊ ರೈಲು ಹತ್ತಿದರೆ ಮಹಾತ್ಮ ಗಾಂಧಿ ರಸ್ತೆ, ಪಕ್ಕದಲ್ಲೇ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು. ಆದರೆ ಅವರು ಕೊಂಡುತರುವುದು ಬಹುಮಟ್ಟಿಗೆ ಹೆಸರು ದೊಡ್ಡದಾದ ಗ್ರಂಥವನ್ನು. ಮೂವತ್ತನೆಯ ಪುಟದಲ್ಲಿ ಓದು ನಿಲ್ಲುತ್ತದೆ. ತನಗೆ ಬುದ್ಧಿ ಸಾಲದೆಂದು ತರುಣ ತೀರ್ಮಾನಿಸಿಬಿಡುತ್ತಾನೆ. ಈ ತೀರ್ಮಾನವನ್ನು ನಾನು ಒಪ್ಪಲಾರೆ.

ಲ್ಯಾಂಡೌ ಮತ್ತು ಲಿಫ್‌ಷಿಟ್ಸ್ ಅವರ ಹತ್ತು ಸಂಪುಟಗಳನ್ನೇ ನೋಡಿ. ಮೊದಲ ಸಂಪುಟವಾದ ‘ಮೆಕ್ಯಾನಿಕ್ಸ್’ ಕೆಲವೇ ಪುಟಗಳಲ್ಲಿ ಕನಿಷ್ಠ ಕ್ರಿಯೆಯ ತತ್ತ್ವಕ್ಕೆ ಬಂದು, ಇಡೀ ಚಲನಶಾಸ್ತ್ರವನ್ನು ಅದರಿಂದಲೇ ಎತ್ತಿ ತೋರಿಸುತ್ತದೆ. ಅದರ ಚೆಲುವು ಚೆಲುವೇ. ಆದರೆ ಆ ಚೆಲುವು ಕಾಣುವುದು ನ್ಯೂಟನ್ನನ ದಾರಿಯಲ್ಲಿ ಒಮ್ಮೆ ಬೆವರು ಸುರಿಸಿದವನಿಗೆ. ಹೊಸಬನಿಗೆ ಅದು ಊಟದ ಎಲೆಯಲ್ಲಿ ಉಪ್ಪಿನಕಾಯಿಯನ್ನೇ ಬಡಿಸಿದಂತೆ.

ಫೈನ್‌ಮನ್ನರ ಉಪನ್ಯಾಸಗಳ ಅಪಾಯ ಬೇರೆ ಬಗೆಯದು. 1961ರಿಂದ 1963ರವರೆಗೆ ಅವರು ಕ್ಯಾಲ್‌ಟೆಕ್ಕಿನಲ್ಲಿ ಆಡಿದ ಮಾತುಗಳು ಎಷ್ಟು ಸೊಗಸೆಂದರೆ ಓದುಗ ಪುಟಪುಟಕ್ಕೂ ತಲೆದೂಗುತ್ತಾನೆ. ತಲೆದೂಗಿದ್ದನ್ನೇ ತಿಳಿವೆಂದು ಎಣಿಸುತ್ತಾನೆ. ಕೈಗೆ ಸೀಸದಕಡ್ಡಿ ಬರುವುದೇ ಇಲ್ಲ. ಎರಡನೆಯ ಓದಿಗೆ ಇವನ್ನು ಮೀರಿದ್ದಿಲ್ಲ. ಮೊದಲ ಓದಿಗೆ ಬೇಡ.

ಗುರುವಿಲ್ಲದವನಿಗೆ ಬೇಕಾದದ್ದು ತಪ್ಪಿದಾಗ ತಪ್ಪಿದೆಯೆಂದು ತಿಳಿಸುವ ಪುಸ್ತಕ. ವಿದ್ಯುತ್ ಮತ್ತು ಕಾಂತತ್ವಕ್ಕೆ ಗ್ರಿಫಿತ್ಸ್ ಅವರ ಪುಸ್ತಕವನ್ನು ನಾನು ಮುಂದಿಡುವುದು ಇದಕ್ಕಾಗಿ. ಅವರು ಎದುರಿಗೆ ಕುಳಿತು ಮಾತನಾಡುವಂತೆ ಬರೆಯುತ್ತಾರೆ, ವಿದ್ಯಾರ್ಥಿ ಎಲ್ಲಿ ಜಾರುವನೆಂದು ಮೊದಲೇ ಎಚ್ಚರಿಸುತ್ತಾರೆ, ಪಾಠದ ನಡುನಡುವೆಯೇ ಲೆಕ್ಕಗಳನ್ನಿಟ್ಟು ಮುಂದೆ ಹೋಗಗೊಡುವುದಿಲ್ಲ. ಪಂಡಿತರು ಇದನ್ನು ಹಗುರವೆನ್ನಬಹುದು. ಎನ್ನಲಿ.

ಪುಸ್ತಕದ ವಯಸ್ಸನ್ನೂ ನೋಡಬೇಕು. ನಮ್ಮ ರಾಮನ್ನರ ಅಣ್ಣನ ಮಗ ಚಂದ್ರಶೇಖರ್ ಮದರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಾಮರ್‌ಫೆಲ್ಡರ ಪರಮಾಣು ಗ್ರಂಥವನ್ನು ತಾವೇ ಓದಿಕೊಂಡಿದ್ದರು. 1928ರಲ್ಲಿ ಸಾಮರ್‌ಫೆಲ್ಡರೇ ಆ ಊರಿಗೆ ಬಂದಾಗ ಹೋಗಿ ಕಂಡರು. ಗ್ರಂಥ ಬರೆದ ಮೇಲೆ ಭೌತವಿಜ್ಞಾನವೇ ಬದಲಾಗಿಹೋಗಿದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಜೊತೆಗೆ ಲೋಹಗಳೊಳಗಿನ ಎಲೆಕ್ಟ್ರಾನುಗಳನ್ನು ಕುರಿತ ಹೊಸ ಲೇಖನದ ಅಚ್ಚಿನ ಕರಡೂ ಸಿಕ್ಕಿತು. ಮರುವರ್ಷ ಚಂದ್ರಶೇಖರರ ಲೇಖನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಗ್ರಂಥಕರ್ತನೇ ಮದರಾಸಿಗೆ ಬರುವುದಿಲ್ಲವಲ್ಲ!

ಗಣಕಯಂತ್ರದಿಂದ ಭೌತವಿಜ್ಞಾನದ ಲೆಕ್ಕ ಮಾಡುವ ವಿಷಯದಲ್ಲಿ ನಮ್ಮ ತರುಣರಿಗೆ ಧೈರ್ಯ ಹೆಚ್ಚು. ಯಂತ್ರ ಅವರ ಕಸುಬಿನದೇ. ಅಲ್ಲಿಯೇ ಮೋಸಹೋಗುವುದು. ಯಂತ್ರ ಎಂದೂ ಉತ್ತರವಿಲ್ಲವೆನ್ನದು. ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಆಟವನ್ನು ಆಯ್ಲರನ ಸರಳ ಕ್ರಮದಲ್ಲಿ, ಒಂದು ಆಂದೋಲನಕ್ಕೆ ಸುಮಾರು 63 ಹೆಜ್ಜೆಯಂತೆ ಲೆಕ್ಕಹಾಕಿ ನೋಡಿ. ಹೆಜ್ಜೆಗೆ ಶೇಕಡಾ ಒಂದರಂತೆ ಶಕ್ತಿ ಏರಿ, ಗುಂಡು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು ಹೆಚ್ಚುಕಡಮೆ 1.87ರಷ್ಟಾಗಿರುತ್ತದೆ. ಯಾವ ಸ್ಪ್ರಿಂಗೂ ಹೀಗೆ ಬಿಟ್ಟಿ ಶಕ್ತಿ ಕೊಡುವುದಿಲ್ಲ. ಮೊದಲು ವೇಗವನ್ನು ತಿದ್ದಿ, ಆ ಹೊಸ ವೇಗದಿಂದ ಸ್ಥಾನವನ್ನು ಲೆಕ್ಕಹಾಕಿದರೆ ಶಕ್ತಿ ಕೊಂಚ ಏರಿಳಿಯುವುದೇ ಹೊರತು ಬೆಳೆಯುತ್ತ ಹೋಗದು. ‘ನ್ಯೂಮರಿಕಲ್ ರೆಸಿಪೀಸ್’ 1986ರಿಂದ ಹೆಸರಾದ ಭಂಡಾರವೇ ಸರಿ. ಆದರೆ ಅದು ಅಡುಗೆ ಬಲ್ಲವನ ಕೈಪಿಡಿ. ಕಲಿಯುವವನಿಗೆ ಮಾರ್ಕ್ ನ್ಯೂಮನ್ನರ ಪುಸ್ತಕ ಮೇಲು. ಅದು ಪೈಥಾನ್ ಭಾಷೆಯಲ್ಲಿ ಲೆಕ್ಕ ಮಾಡಿಸುತ್ತದೆ, ಶಕ್ತಿ ಉಳಿಯಿತೇ ಎಂದು ನೋಡುವುದನ್ನೂ ಕಲಿಸುತ್ತದೆ.

ಇವೆಲ್ಲ ಇಂಗ್ಲಿಷ್ ಪುಸ್ತಕಗಳೇ ಆದುವಲ್ಲ ಎಂದು ವಾಚಕರು ಕೇಳಬಹುದು. ಬೆಳ್ಳಾವೆ ವೆಂಕಟನಾರಣಪ್ಪನವರೂ ಆರ್. ಎಲ್. ನರಸಿಂಹಯ್ಯನವರೂ ಭೌತವಿಜ್ಞಾನದ ಅಧ್ಯಾಪಕರು; ವಿಜ್ಞಾನವನ್ನು ಕನ್ನಡಕ್ಕೆ ತಂದವರು. ಅವರು ಕಟ್ಟಿದ ಜಗಲಿಯ ಮೇಲೆ ಕೂರಿಸಿ, ಲೆಕ್ಕ ಕೊಟ್ಟು, ತಪ್ಪಿದರೆ ತಿದ್ದುವ ಒಂದು ಪುಸ್ತಕ, ಸ್ಪ್ರಿಂಗು ಗುಂಡಿನಿಂದ ಮೊದಲುಗೊಂಡು ಗ್ರಹಗಳವರೆಗೆ ಹೋಗುವ ಇನ್ನೂರು ಪುಟದ್ದಾದರೂ ಸರಿಯೆ, ಬೇಕಾಗಿದೆ. ಬರೆಯಬಲ್ಲವರು ನಮ್ಮ ಕಾಲೇಜುಗಳಲ್ಲೇ ಇದ್ದಾರೆ.