ರೀಡ್ ಉಪನ್ಯಾಸಗಳು ಮತ್ತು ಪೂರ್ವಪಕ್ಷದ ಗೌರವ

ಸಾರ್ವಜನಿಕ ಉಪನ್ಯಾಸಮಾಲೆಯೊಂದರ ಬೆಲೆಯನ್ನು ನಾವು ಸಾಮಾನ್ಯವಾಗಿ ಉಪನ್ಯಾಸಕಾರರ ಕೀರ್ತಿಯಿಂದ ಅಳೆಯುತ್ತೇವೆ. ಈ ಅಳತೆ ಸಾಲದು. ವೇದಿಕೆಯಿಂದ ಹೊರಟ ಮಾತಿಗೆ ಎಂತಹ ಉತ್ತರ ದೊರೆಯಿತು, ಆ ಉತ್ತರದಿಂದ ವಿಷಯ ಬೆಳೆಯಿತೇ ಎಂಬುದನ್ನೂ ವಿಚಾರಿಸಬೇಕು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ರೀಡ್ ಉಪನ್ಯಾಸಮಾಲೆ ಇದಕ್ಕೆ ಒಳ್ಳೆಯ ನಿದರ್ಶನ. ಹದಿನಾರನೆಯ ಶತಮಾನದ ದತ್ತಿಯಿಂದ ಹುಟ್ಟಿ, 1858ರಲ್ಲಿ ವರ್ಷಕ್ಕೊಂದು ಉಪನ್ಯಾಸವೆಂಬ ರೂಪವನ್ನು ತಳೆದ ಈ ಮಾಲೆಯಲ್ಲಿ, ವಿಜ್ಞಾನ ಸಾಹಿತ್ಯಗಳ ಸಂಬಂಧದ ಪ್ರಶ್ನೆ 1882ರಲ್ಲಿಯೂ 1959ರಲ್ಲಿಯೂ ಪ್ರಬಲವಾಗಿ ಕೇಳಿಬಂದಿತು.

ನಮ್ಮ ನ್ಯಾಯಶಾಸ್ತ್ರ ಕಥೆಯನ್ನು, ಎಂದರೆ ಚರ್ಚೆಯನ್ನು, ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಗೆಲುವಿಗಾಗಿ ನಡೆಯುವುದು ಜಲ್ಪ; ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡೆ. ಈ ವಿಂಗಡಣೆಯ ಬೆಳಕಿನಲ್ಲಿ ಎರಡು ಪ್ರಸಂಗಗಳನ್ನೂ ನೋಡೋಣ.

1880ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೇಸನ್ ವಿಜ್ಞಾನ ಕಾಲೇಜು ಪ್ರಾರಂಭವಾಯಿತು. ಕೇವಲ ಸಾಹಿತ್ಯಶಿಕ್ಷಣಕ್ಕೆ ಅಲ್ಲಿ ಎಡೆಯಿರಕೂಡದೆಂದು ದಾನಿಯೇ ವಿಧಿಸಿದ್ದನು. ಪ್ರಾರಂಭೋತ್ಸವದಲ್ಲಿ ಮಾತನಾಡಿದ ಟಿ. ಎಚ್. ಹಕ್ಸ್‌ಲಿ ಈ ವಿಧಿಯನ್ನು ಸಮರ್ಥಿಸಿದನು. ಆದರೆ ಆತ ಮೊದಲು ಮ್ಯಾಥ್ಯೂ ಆರ್ನಾಲ್ಡನ ಸಂಸ್ಕೃತಿತತ್ತ್ವವನ್ನು ಎತ್ತಿಕೊಂಡು, ಸಂಸ್ಕೃತಿಯೆಂದರೆ ಜೀವನವಿಮರ್ಶೆ ಎಂಬುದನ್ನು ಒಪ್ಪಿ, ಆ ವಿಮರ್ಶೆಗೆ ಬೇಕಾದ ಸಾಮಗ್ರಿಯನ್ನು ಸಾಹಿತ್ಯವೊಂದೇ ಒದಗಿಸಲಾರದು ಎಂದು ವಾದಿಸಿದನು. 1882ರ ರೀಡ್ ಉಪನ್ಯಾಸದಲ್ಲಿ ಆರ್ನಾಲ್ಡ್ ಕೊಟ್ಟ ಉತ್ತರವೂ ಅದೇ ಕ್ರಮದ್ದು. ಸಾಹಿತ್ಯವೆಂದರೆ ಕಾವ್ಯನಾಟಕಗಳಷ್ಟೇ ಅಲ್ಲ, ಯೂಕ್ಲಿಡನ ಮತ್ತು ನ್ಯೂಟನ್ನನ ಗ್ರಂಥಗಳೂ ಅದರಲ್ಲಿ ಸೇರುತ್ತವೆ. ವಿಜ್ಞಾನದ ಮುಖ್ಯ ಫಲಿತಾಂಶಗಳನ್ನು ಎಲ್ಲರೂ ಅರಿಯಬೇಕು ಎಂದು ಆತ ಒಪ್ಪಿಕೊಂಡನು. ಆಮೇಲೆಯೇ ತನ್ನ ಪ್ರಶ್ನೆಯನ್ನು ಮುಂದಿಟ್ಟನು: ಹೀಗೆ ಪಡೆದ ಅರಿವನ್ನು ನಮ್ಮ ಶೀಲದೊಡನೆ, ಸೌಂದರ್ಯಪ್ರಜ್ಞೆಯೊಡನೆ ಬೆಸೆಯುವವರು ಯಾರು? ಮರುವರ್ಷ ಹಕ್ಸ್‌ಲಿಯೇ ಅದೇ ವೇದಿಕೆಯನ್ನೇರಿ ಜೀವವಿಕಾಸವನ್ನು ಕುರಿತು ಉಪನ್ಯಾಸ ಮಾಡಿದನು. ಇದು ನಿಜವಾದ ವಾದ. ಇಬ್ಬರೂ ತಮ್ಮ ಪಕ್ಷವನ್ನು ಬಿಡಲಿಲ್ಲ. ಪ್ರಶ್ನೆ ಮಾತ್ರ ಮೊದಲಿಗಿಂತ ಸ್ಪಷ್ಟವಾಯಿತು.

ಎಪ್ಪತ್ತೇಳು ವರ್ಷಗಳ ಅನಂತರ, 1959ರ ಮೇ ತಿಂಗಳಲ್ಲಿ, ಸಿ. ಪಿ. ಸ್ನೋ ಎರಡು ಸಂಸ್ಕೃತಿಗಳನ್ನು ಕುರಿತು ಅಲ್ಲಿಯೇ ಮಾತನಾಡಿದನು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ಅರಿಯದಿರುವುದೂ ಷೇಕ್ಸ್‌ಪಿಯರನ ಒಂದು ಕೃತಿಯನ್ನೂ ಓದದಿರುವುದೂ ಸಮಾನವಾದ ಅಜ್ಞಾನವೆಂಬ ಆತನ ಮಾತು ಪ್ರಸಿದ್ಧವಾಗಿದೆ. ಅಷ್ಟಾಗಿ ನೆನಪಿನಲ್ಲಿ ಉಳಿಯದಿರುವುದು ಉಪನ್ಯಾಸದ ಕೊನೆಯ ಭಾಗ. ಬಡ ರಾಷ್ಟ್ರಗಳ ಹಸಿವನ್ನು ವಿಜ್ಞಾನದಿಂದ ನೀಗಬಹುದು, ನೀಗಲೇಬೇಕು ಎಂಬ ಕಳಕಳಿ ಅಲ್ಲಿದೆ. ನಮಗೆ ಅದೇ ಅದರ ಹೃದಯಭಾಗವಾಗಿ ತೋರುತ್ತದೆ. ಆದರೂ ದೋಷವನ್ನು ಮುಚ್ಚುವಂತಿಲ್ಲ. ಸಾಹಿತಿಗಳನ್ನು ಒಂದೇ ಗುಂಪಾಗಿ ಕಟ್ಟಿ, ಯಂತ್ರವನ್ನು ಸ್ವಭಾವದಿಂದಲೇ ದ್ವೇಷಿಸುವವರೆಂದು ಸ್ನೋ ಚಿತ್ರಿಸಿದನು. ಧ್ವನಿಯಲ್ಲಿ ಸೌಜನ್ಯವಿತ್ತು, ಪೂರ್ವಪಕ್ಷದ ನಿರೂಪಣೆಯಲ್ಲಿ ಇರಲಿಲ್ಲ.

1962ರ ಫೆಬ್ರವರಿಯಲ್ಲಿ ಎಫ್. ಆರ್. ಲೀವಿಸ್ ಕೇಂಬ್ರಿಜಿನ ಡೌನಿಂಗ್ ಕಾಲೇಜಿನ ರಿಚ್ಮಂಡ್ ಉಪನ್ಯಾಸದಲ್ಲಿ ಇದನ್ನು ಖಂಡಿಸಿದನು. ಜೀವನಮಟ್ಟ ಏರಿದ ಮಾತ್ರಕ್ಕೆ ಮನುಷ್ಯನು ಏತಕ್ಕಾಗಿ ಬಾಳುತ್ತಾನೆ ಎಂಬುದಕ್ಕೆ ಉತ್ತರ ದೊರೆಯುವುದಿಲ್ಲ, ವಿಜ್ಞಾನವೂ ನಿಂತಿರುವುದು ಭಾಷೆಯೆಂಬ ಸಮಷ್ಟಿಸೃಷ್ಟಿಯ ಮೇಲೆ ಎಂಬ ಆತನ ಮಾತುಗಳು ಘನವಾದವು. ಆದುದರಿಂದ ಇದನ್ನು ವಿತಂಡೆಯೆನ್ನಲಾಗದು. ಆದರೆ ಸ್ನೋ ಕಾದಂಬರಿಕಾರನೇ ಅಲ್ಲ, ಆತನ ಬುದ್ಧಿಗೆ ಯಾವ ವೈಶಿಷ್ಟ್ಯವೂ ಇಲ್ಲ ಎಂಬ ಪ್ರಹಾರದಲ್ಲಿ ವಾದವು ಜಲ್ಪವಾಯಿತು. ಓದುಗರು ಪ್ರಹಾರವನ್ನು ನೆನಪಿಟ್ಟರು, ಪ್ರಶ್ನೆಯನ್ನು ಮರೆತರು. ವಿಮರ್ಶೆಯ ತೀರ್ಪು ಇನ್ನೊಬ್ಬನ ಒಪ್ಪಿಗೆಯನ್ನೂ ತಿದ್ದುಪಡಿಯನ್ನೂ ಬೇಡುವ ಪ್ರಶ್ನೆಯೆಂದು ಬೋಧಿಸಿದವನು ಲೀವಿಸನೇ. ಇಲ್ಲಿ ಆತ ತಿದ್ದುಪಡಿಗೆ ಎಡೆಯನ್ನೇ ಬಿಡಲಿಲ್ಲ.

ಇದರಿಂದ ಫಲಿಸುವುದೇನು? ಸೌಜನ್ಯವೆಂದರೆ ಮೃದುವಾದ ಮಾತಲ್ಲ. ಎದುರಾಳಿಯು ಕೇಳಿ, ಅಹುದು, ನನ್ನ ಅಭಿಪ್ರಾಯ ಇದೇ, ಎಂದು ಒಪ್ಪುವಂತೆ ಪೂರ್ವಪಕ್ಷವನ್ನು ನಿರೂಪಿಸುವುದೇ ಸೌಜನ್ಯ. ಅದು ನೆರವೇರಿದ ಮೇಲೆ ಖಂಡನೆ ಎಷ್ಟು ಕಠಿನವಾದರೂ ಬಾಧಕವಿಲ್ಲ. ಆರ್ನಾಲ್ಡನು ಇದನ್ನು ಮಾಡಿದನು. ಸ್ನೋ ಅರ್ಧ ಮಾಡಿದನು. ಲೀವಿಸ್ ಮಾಡಲು ಶಕ್ತನಾಗಿದ್ದೂ ಮಾಡಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳೂ ಕಲಾವಿಭಾಗದ ವಿದ್ಯಾರ್ಥಿಗಳೂ ಹದಿಹರೆಯದಲ್ಲಿಯೇ ಬೇರೆಬೇರೆ ಕೊಠಡಿಗಳಿಗೆ ಹಂಚಿಹೋಗುವ ನಮ್ಮ ಕಾಲೇಜುಗಳಿಗೆ ಇದು ದೂರದ ಮಾತಲ್ಲ. ನಮ್ಮಲ್ಲಿ ಉಪನ್ಯಾಸಮಾಲೆಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಅನೇಕವು ವಂದನಾರ್ಪಣೆಯೊಡನೆ ಮುಗಿದುಹೋಗುತ್ತವೆ. ಈ ವರ್ಷದ ಉಪನ್ಯಾಸಕ್ಕೆ ಉತ್ತರ ಹೇಳಬಲ್ಲವರನ್ನು ಮುಂದಿನ ವರ್ಷ ಅದೇ ವೇದಿಕೆಗೆ ಕರೆಯುವ ಪದ್ಧತಿಯನ್ನು ನಾವು ರೂಢಿಸಿಕೊಳ್ಳಬೇಕು. ಉತ್ತರವನ್ನು ನಿರೀಕ್ಷಿಸಿ ಮಾತನಾಡುವವನು ಎದುರುಪಕ್ಷವನ್ನು ಎಚ್ಚರದಿಂದ ನಿರೂಪಿಸುತ್ತಾನೆ. ವಾದದ ಶಿಕ್ಷಣ ಅಲ್ಲಿಂದಲೇ ಆರಂಭವಾಗುತ್ತದೆ.